ಪೇಜ್‌ಮೇಕರ್, ನುಡಿ ಬಿಟ್ಟು ಯುನಿಕೋಡ್‌ಗೆ ಬರಬೇಕೇ? ಹಳೆಯ ಫೈಲ್‌ಗಳ ಗತಿ ಏನು?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ಬೆಳಗಾವಿಯಲ್ಲಿ ಸಣ್ಣ ಡಿಟಿಪಿ (ಕಂಪ್ಯೂಟರ್‌ನಲ್ಲಿ ಅಚ್ಚಿನ ಪುಟ ಜೋಡಿಸುವ) ಅಂಗಡಿ. ಲಗ್ನಪತ್ರಿಕೆ, ಜಾತ್ರೆಯ ಹ್ಯಾಂಡ್‌ಬಿಲ್, ಗಣಪತಿ ಮಂಡಳದ ಪಾವತಿ ಪುಸ್ತಕ, ಆಗಾಗ ಒಂದು ಸ್ಮರಣ ಸಂಚಿಕೆ. ಪುಟ ಜೋಡಿಸಲು ಪೇಜ್‌ಮೇಕರ್ 7, ಕನ್ನಡ ಟೈಪ್ ಮಾಡಲು ನುಡಿ, ಮರಾಠಿಗೆ ಶ್ರೀಲಿಪಿ. ಈಗ ಗಿರಾಕಿಗಳು ಮ್ಯಾಟರ್‌ನ್ನು ವಾಟ್ಸಾಪ್‌ನಲ್ಲೇ ಕಳಿಸುತ್ತಾರೆ, ಅಂಟಿಸಿದರೆ ಬರೀ ಪ್ರಶ್ನಾರ್ಥಕ ಚಿಹ್ನೆ. ಹೀಗಾಗಿ ಎಲ್ಲವನ್ನೂ ಮತ್ತೆ ಟೈಪ್ ಮಾಡಬೇಕಾಗಿದೆ. ಪೂರ್ತಿ ಯುನಿಕೋಡ್‌ಗೆ (ಫೋನ್, ವೆಬ್ ಎಲ್ಲ ಕಡೆ ನಡೆಯುವ ಅಕ್ಷರಸಂಕೇತ ಪದ್ಧತಿಗೆ) ಹೋಗಬೇಕೇ, ಹನ್ನೆರಡು ವರ್ಷದ ಹಳೆಯ ಫೈಲ್‌ಗಳನ್ನು ಏನು ಮಾಡಬೇಕು?

ಹೊಸ ಕೆಲಸವನ್ನೆಲ್ಲ ಇವತ್ತಿನಿಂದಲೇ ಯುನಿಕೋಡ್‌ನಲ್ಲಿ ಶುರು ಮಾಡ್ರಿ. ಹಳೆಯ ಗಂಟನ್ನು ಮಾತ್ರ ಪೂರ್ತಿ ಬಿಚ್ಚಲು ಹೋಗಬ್ಯಾಡ್ರಿ. ಮುಗಿದುಹೋದ ಮದುವೆಯ ಪತ್ರಿಕೆಯನ್ನು ಪರಿವರ್ತಿಸಿ ಯಾರಿಗೂ ಲಾಭವಿಲ್ಲ. ಪುಸ್ತಕ, ಸಂಚಿಕೆ, ಸಂಘದ ನಿಯಮಾವಳಿ, ಹೀಗೆ ಮತ್ತೊಮ್ಮೆ ಅಚ್ಚಿಗೆ ಬರಬಹುದಾದ್ದನ್ನು ಮಾತ್ರ, ಅದೂ ಆ ಕೆಲಸ ಬಂದ ದಿನ, ಪರಿವರ್ತಿಸಿದರೆ ಸಾಕು. ಎಲ್ಲವನ್ನೂ ಒಮ್ಮೆಗೇ ಬದಲಿಸುತ್ತೇನೆಂದು ಕೂತವರು ಸಾಮಾನ್ಯವಾಗಿ ಪ್ರೂಫ್ ನೋಡದೆಯೇ ನಿಲ್ಲಿಸುತ್ತಾರೆ. ಆಮೇಲೆ ಅರ್ಧ ಸರಿ, ಅರ್ಧ ತಪ್ಪು ಇರುವ ಫೈಲ್‌ಗಳು ಹಳೆಯವಕ್ಕಿಂತ ಹೆಚ್ಚು ತಲೆನೋವು.

ಪ್ರಶ್ನಾರ್ಥಕ ಚಿಹ್ನೆ ಯಾಕೆ ಬರುತ್ತದೆ ಅನ್ನುವುದು ತಿಳಿದರೆ ಉಳಿದದ್ದು ಸುಲಭ. ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ, ಅದೇ ಕೊನೆಯ ಆವೃತ್ತಿ. ಅದಕ್ಕೆ ಯುನಿಕೋಡ್ ಗೊತ್ತೇ ಇಲ್ಲ. ಅದು ನೋಡುವುದು ಇಂಗ್ಲಿಷ್ ಮತ್ತು ಪಶ್ಚಿಮ ಯುರೋಪಿನ ಅಕ್ಷರಗಳ ಒಂದು ಸಣ್ಣ ಪಟ್ಟಿಯನ್ನು ಮಾತ್ರ. ನುಡಿಯ ಹಳೆಯ ಫಾಂಟ್‌ಗಳು ಆ ಪಟ್ಟಿಯ ಮನೆಗಳಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿವೆ. ‘ಕನ್ನಡ’ ಎಂಬ ಪದ ನುಡಿ ಫೈಲ್‌ನಲ್ಲಿ ಇರುವುದು ಹೀಗೆ: ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಗೆರೆಯಿರುವ ಎ, ಪೌಂಡ್ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ ಭಾಷೆಯ ಜೋಡಿ ಎಸ್, ಸಣ್ಣ ಕ್ಯೂ, ಮತ್ತೆ ಎ. ಒಟ್ಟು ಏಳು. ಆ ಎ ಅಂದರೆ ತಲೆಕಟ್ಟು, ಜೋಡಿ ಎಸ್ ಅಂದರೆ ನ ಒತ್ತು. ಫಾಂಟ್ ತೆಗೆದರೆ ಅಲ್ಲಿ ಕನ್ನಡವೇ ಇಲ್ಲ. ಯುನಿಕೋಡ್‌ನಲ್ಲಿ ಅದೇ ಪದ ಐದು ಸಂಕೇತ: ಕ, ನ, ವಿರಾಮ (ಅಕ್ಷರದ ಸ್ವರ ತೆಗೆಯುವ ಗುರುತು), ನ, ಡ. ತಲೆಕಟ್ಟು, ಒತ್ತು ಇವುಗಳನ್ನು ಫಾಂಟ್ ನೋಡಿಕೊಳ್ಳುತ್ತದೆ. ಯಾವ ಫಾಂಟ್ ಹಾಕಿದರೂ ಪಠ್ಯ ಕನ್ನಡವಾಗಿಯೇ ಉಳಿಯುತ್ತದೆ.

ಪರಿವರ್ತನೆಯಲ್ಲಿ ಎಡವಟ್ಟಾಗುವ ಜಾಗವೂ ಇದೇ. ನುಡಿ ಫೈಲ್‌ನಲ್ಲಿ ತುಂಡುಗಳು ಕಣ್ಣಿಗೆ ಕಾಣುವ ಕ್ರಮದಲ್ಲಿವೆ, ಯುನಿಕೋಡ್‌ನಲ್ಲಿ ಉಚ್ಚಾರದ ಕ್ರಮದಲ್ಲಿ. ‘ಕರ್ನಾಟಕ’ದಲ್ಲಿ ಅರ್ಕಾವತ್ತು ನುಡಿಯ ಪ್ರಕಾರ ‘ನಾ’ ಆದಮೇಲೆ ಬರುತ್ತದೆ, ಯುನಿಕೋಡ್‌ನಲ್ಲಿ ‘ರ್’ ಮೊದಲು, ‘ನಾ’ ಆಮೇಲೆ. ಕನ್ವರ್ಟರ್, ಅಂದರೆ ಪರಿವರ್ತಿಸುವ ಸಾಫ್ಟ್‌ವೇರ್, ಅದನ್ನು ಹಿಂದಕ್ಕೆ ಎಳೆದು ಸರಿಯಾದ ಅಕ್ಷರಕ್ಕಿಂತ ಮೊದಲು ಕೂರಿಸಬೇಕು. ಒತ್ತು ಇದ್ದ ಅಕ್ಷರಕ್ಕೆ ಸ್ವರವೂ ಸೇರಿದರೆ ಕೆಲಸ ಇನ್ನೂ ಸಿಕ್ಕಾಗುತ್ತದೆ, ಯಾಕಂದರೆ ನುಡಿಯಲ್ಲಿ ಒತ್ತು ಸ್ವರಚಿಹ್ನೆಯ ನಂತರ ಇರುತ್ತದೆ, ಯುನಿಕೋಡ್‌ನಲ್ಲಿ ಮೊದಲು. ಹಾಗಾಗಿ ಯಾವ ಕನ್ವರ್ಟರ್ ತಗೊಂಡರೂ ಈ ಪದಗಳನ್ನು ನುಡಿಯಲ್ಲಿ ಟೈಪ್ ಮಾಡಿ ಹಾಕಿ ನೋಡಿರಿ: ರಾಮದುರ್ಗ, ಚಿಕ್ಕೋಡಿ, ಸವದತ್ತಿ, ಧರ್ಮಪತ್ನಿ, ಲಕ್ಷ್ಮೀ, ರಾಷ್ಟ್ರ, ಕೃಷ್ಣಾ, ಜ್ಞಾನೇಶ್ವರ, ರ‍್ಯಾಲಿ. ಮೊದಲ ಎಂಟರಲ್ಲಿ ಒಂದು ತಪ್ಪಿದರೂ ಆ ಕನ್ವರ್ಟರ್ ಬಿಡಿ. ಒಂಬತ್ತನೆಯದು ಬಹಳಷ್ಟು ಕಡೆ ತಪ್ಪುತ್ತದೆ, ಅದನ್ನು ಕೈಯಿಂದ ತಿದ್ದಿಕೊಳ್ಳಬಹುದು.

ಅದು ತಪ್ಪುವ ಕಾರಣ: ರ, ವಿರಾಮ, ಯ ಅಂತ ಬಂದರೆ ಯುನಿಕೋಡ್ ಅದನ್ನು ಅರ್ಕಾವತ್ತು ಎಂದೇ ತಿಳಿಯುತ್ತದೆ, ‘ರ್ಯಾಲಿ’ ಎಂದು ಬರುತ್ತದೆ. ರ ಪೂರ್ತಿ ಅಕ್ಷರವಾಗಿ ನಿಂತು, ಯ ಅದಕ್ಕೆ ಒತ್ತಾಗಬೇಕಾದರೆ ರ ಆದಕೂಡಲೆ ಕಣ್ಣಿಗೆ ಕಾಣದ ‘ಜೀರೋ ವಿಡ್ತ್ ಜಾಯಿನರ್’ ಇರಬೇಕು, ಆಮೇಲೆ ವಿರಾಮ. ಸರಿಯಾಗಿರುವ ಒಂದು ‘ರ‍್ಯಾ’ವನ್ನು ಎಲ್ಲಾದರೂ ಇಟ್ಟುಕೊಂಡು ಹುಡುಕು-ಬದಲಿಸು ಮಾಡುವುದೇ ಸುಲಭ. ಇದರ ತಮ್ಮ ‘ಜೀರೋ ವಿಡ್ತ್ ನಾನ್ ಜಾಯಿನರ್’ (ಅಕ್ಷರಗಳು ಕೂಡದಂತೆ ತಡೆಯುವ ಗುರುತು) ಇಲ್ಲದಿದ್ದರೆ ‘ಸಾಫ್ಟ್‌ವೇರ್’ನ ವ ಕೂಡ ಟ ಜೊತೆ ಫ ಕೆಳಗೆ ಒತ್ತಾಗಿ ಕೂರುತ್ತದೆ. ಅಂಗಡಿ, ಕಂಪನಿ ಹೆಸರುಗಳಲ್ಲಿ ಇದನ್ನು ನೋಡಿಯೇ ಅಚ್ಚಿನ ಪ್ಲೇಟ್‌ಗೆ ಕಳಿಸಿರಿ.

ಇನ್ನು ಕೆಲಸದ ಕ್ರಮ. ಪೇಜ್‌ಮೇಕರ್‌ನಲ್ಲಿ ಟೆಕ್ಸ್ಟ್ ಟೂಲ್‌ನಿಂದ ಒಂದು ಸ್ಟೋರಿಯೊಳಗೆ (ಒಂದೇ ಎಳೆಯಾಗಿ ಹರಿಯುವ ಪಠ್ಯದೊಳಗೆ) ಕ್ಲಿಕ್ ಮಾಡಿ, ಎಕ್ಸ್‌ಪೋರ್ಟ್ ಮಾಡಿರಿ. ಸ್ಟೋರಿಗಳು ಬೇರೆ ಬೇರೆಯಿದ್ದರೆ ಒಂದೊಂದನ್ನೂ ಬೇರೆಯಾಗಿಯೇ ತೆಗೆಯಬೇಕು. ಪುಟ ಜೋಡಿಸುವ ಹೊಸ ಸಾಫ್ಟ್‌ವೇರ್ ಆದ ಈಗಿನ ಇನ್‌ಡಿಸೈನ್ ಪೇಜ್‌ಮೇಕರ್ ಫೈಲ್ ತೆರೆಯುವುದಿಲ್ಲ, ಹಾಗಾಗಿ ಆ ದಾರಿ ಹುಡುಕಬೇಡಿ. ಸಾದಾ ಟೆಕ್ಸ್ಟ್ ಆಗಿ ತೆಗೆದರೆ ಎರಡು ಬಲೆ ಇವೆ. ಮೊದಲನೆಯದು ಎನ್‌ಕೋಡಿಂಗ್, ಅಂದರೆ ಯಾವ ಅಕ್ಷರಕ್ಕೆ ಯಾವ ಸಂಕೇತ ಎಂಬ ಪಟ್ಟಿ. ಆ ಫೈಲ್ ವಿಂಡೋಸ್-1252 ಎಂಬ ಪಟ್ಟಿಯದು. ಅದನ್ನು ಯುನಿಕೋಡ್‌ನ ಯುಟಿಎಫ್-8 ಎಂದು ತಿಳಿದು ತೆರೆಯುವ ಎಡಿಟರ್‌ನಲ್ಲಿ ತಲೆಕಟ್ಟು, ದೀರ್ಘ, ಒತ್ತು ಎಲ್ಲ ಕಪ್ಪು ಪ್ರಶ್ನಾರ್ಥಕಗಳಾಗುತ್ತವೆ, ಹಾಗೇ ಸೇವ್ ಮಾಡಿದರೆ ಮತ್ತೆ ಬರುವುದಿಲ್ಲ. ವರ್ಡ್‌ನಂಥದೇ ಪುಕ್ಕಟೆ ಲಿಬ್ರೆ ಆಫೀಸ್‌ನಲ್ಲಿ ತೆರೆಯುವಾಗ ಫೈಲ್ ಬಗೆಯಲ್ಲಿ ‘ಟೆಕ್ಸ್ಟ್ - ಚೂಸ್ ಎನ್‌ಕೋಡಿಂಗ್’ ಆರಿಸಿ ಪಶ್ಚಿಮ ಯುರೋಪ್ 1252 ಕೊಡಿರಿ.

ಎರಡನೆಯದು ಇಂಗ್ಲಿಷ್. ಸಾದಾ ಟೆಕ್ಸ್ಟ್ ಆದಕೂಡಲೆ ಯಾವುದು ನುಡಿ, ಯಾವುದು ಇಂಗ್ಲಿಷಿನ ಟೈಮ್ಸ್ ಫಾಂಟ್ ಎಂಬ ಮಾಹಿತಿಯೇ ಹೋಗಿಬಿಡುತ್ತದೆ. ಕನ್ವರ್ಟರ್ ಪಾಲಿಗೆ ಎರಡೂ ಒಂದೇ, ಹಾಗಾಗಿ ಇಂಗ್ಲಿಷಿನಲ್ಲಿದ್ದ ವಿಳಾಸ, ಇಮೇಲ್ ಎಲ್ಲ ಅರ್ಥವಿಲ್ಲದ ಕನ್ನಡವಾಗಿ ಹೊರಬರುತ್ತದೆ. ಇದಕ್ಕೆ ಫಾಂಟ್ ಮಾಹಿತಿ ಉಳಿಸುವ ಆರ್‌ಟಿಎಫ್ ಆಗಿ ತೆಗೆದು ವರ್ಡ್‌ನಲ್ಲಿ ತೆರೆಯಿರಿ. ಹುಡುಕು ಡಬ್ಬಿಯಲ್ಲಿ ಪದ ಖಾಲಿ ಬಿಟ್ಟು, ಫಾರ್ಮ್ಯಾಟ್‌ನಲ್ಲಿ ಫಾಂಟ್ ಟೈಮ್ಸ್ ಎಂದು ಮಾತ್ರ ಕೊಟ್ಟರೆ ಇಂಗ್ಲಿಷ್ ಇರುವ ಜಾಗವೆಲ್ಲ ಸಿಗುತ್ತದೆ. ಅವನ್ನು ಹೈಲೈಟ್ ಮಾಡಿಟ್ಟುಕೊಂಡು, ಪರಿವರ್ತನೆ ಆದಮೇಲೆ ಆ ಪ್ರತಿಯನ್ನು ಪಕ್ಕಕ್ಕಿಟ್ಟು ಕೈಯಿಂದ ಕೂರಿಸಿರಿ. ಫಾಂಟ್ ಹೆಸರು ನೋಡಿ ಕನ್ನಡವನ್ನಷ್ಟೇ ಮುಟ್ಟುವ ಕನ್ವರ್ಟರ್ ಸಿಕ್ಕರೆ ಈ ಪಾಡೇ ಇಲ್ಲ. ಅಂಕಿಗಳ ಮೇಲೂ ಕಣ್ಣಿರಲಿ: ಕೆಲವು ಕನ್ವರ್ಟರ್‌ಗಳು ಎಲ್ಲ ಅಂಕಿಯನ್ನೂ ಕನ್ನಡ ಅಂಕಿ ಮಾಡಿಬಿಡುತ್ತವೆ. ಮುಹೂರ್ತದ ಹೊತ್ತು ಕನ್ನಡದಲ್ಲಿದ್ದರೆ ಚಂದ, ಮೊಬೈಲ್ ನಂಬರ್‌ಗೆ ಗಿರಾಕಿ ಒಪ್ಪುವುದಿಲ್ಲ.

ಪರಿವರ್ತನೆ ಆದ ಪಠ್ಯದಲ್ಲಿ, ಗಿರಾಕಿ ಕಳಿಸಿದ ಮ್ಯಾಟರ್‌ನಲ್ಲೂ, ಕಣ್ಣಿಗೆ ಬೀಳದ ಒಂದು ಕೊಳೆ ಇರುತ್ತದೆ: ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ. ‘ಅಂಗಡಿ’ ಮತ್ತು ‘ಅ೦ಗಡಿ’ ನೋಡಲು ಒಂದೇ ಥರ, ಆದರೆ ಹುಡುಕಿದರೆ ಎರಡನೆಯದು ಸಿಗುವುದಿಲ್ಲ, ಸೊನ್ನೆಯ ಗಾತ್ರ ಕೆಲವು ಫಾಂಟ್‌ಗಳಲ್ಲಿ ಬೇರೆಯಾಗಿ ಎದ್ದು ಕಾಣುತ್ತದೆ. ಲಿಬ್ರೆ ಆಫೀಸ್‌ನ ಹುಡುಕು-ಬದಲಿಸುವಿನಲ್ಲಿ ರೆಗ್ಯುಲರ್ ಎಕ್ಸ್‌ಪ್ರೆಶನ್ ಗುರುತು ಹಾಕಿ, ಹುಡುಕುವ ಜಾಗದಲ್ಲಿ ([ಅ-ೌ])೦ ಎಂದೂ, ಬದಲಿಸುವ ಜಾಗದಲ್ಲಿ $1ಂ ಎಂದೂ ಕೊಡಿರಿ. ಅಕ್ಷರದ ಬೆನ್ನಿಗಿರುವ ಸೊನ್ನೆ ಮಾತ್ರ ಬದಲಾಗುತ್ತದೆ, ‘೧೦’ ಹಾಗೇ ಉಳಿಯುತ್ತದೆ. ಇಂಥದ್ದೇ ಇನ್ನೊಂದು, ಓತ್ವ. ‘ಕೋ’ದ ಸ್ವರಚಿಹ್ನೆ ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಇರಬಹುದು, ಎತ್ವ, ಊತ್ವದ ಕೊಂಬು, ದೀರ್ಘ ಎಂಬ ಮೂರು ತುಂಡಾಗಿಯೂ ಇರಬಹುದು. ಅಚ್ಚಿನಲ್ಲಿ ವ್ಯತ್ಯಾಸ ಕಾಣದು. ಪುಸ್ತಕವನ್ನು ಮುಂದೆ ವೆಬ್‌ಗೆ ಹಾಕುವುದಿದ್ದರೆ ಮಾತ್ರ ಒಂದೇ ರೂಪಕ್ಕೆ ತರಬೇಕು, ಅದಕ್ಕೆ ‘ಎನ್‌ಎಫ್‌ಸಿ’ ನಾರ್ಮಲೈಸೇಶನ್ ಎನ್ನುತ್ತಾರೆ.

ಹೊಸ ಕೆಲಸಕ್ಕೆ ಯಾವ ಸಾಫ್ಟ್‌ವೇರ್? ದುಡ್ಡು ಹಾಕುವುದಾದರೆ ಇನ್‌ಡಿಸೈನ್, ಆದರೆ ಹಾಕಿದ ದಿನವೇ ಪ್ಯಾರಾಗ್ರಾಫ್ ಸ್ಟೈಲ್‌ನ ಜಸ್ಟಿಫಿಕೇಶನ್‌ಗೆ ಹೋಗಿ ಕಂಪೋಸರ್‌ನ್ನು (ಅಕ್ಷರ, ಸಾಲು ಜೋಡಿಸುವ ಭಾಗವನ್ನು) ‘ಅಡೋಬಿ ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್’ ಮಾಡಿರಿ. ಇದು ಮಾಡದೆ ‘ಇನ್‌ಡಿಸೈನ್‌ನಲ್ಲಿ ಕನ್ನಡ ಒಡೆಯುತ್ತದೆ’ ಎಂದು ಬೈಯುವವರೇ ಹೆಚ್ಚು. ಫೋಟೋಶಾಪ್‌ನ ಕೆಲವು ಹಳೆಯ ಆವೃತ್ತಿಗಳಲ್ಲೂ ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ವರ್ಲ್ಡ್-ರೆಡಿ ಲೇಔಟ್ ಇತ್ತು. ಪುಕ್ಕಟೆ ಬೇಕಂದರೆ ಸ್ಕ್ರೈಬಸ್ 1.6. ಕನ್ನಡದ ಒತ್ತು ಸರಿಯಾಗಿ ಕೂರುತ್ತದೆ, ನಾಲ್ಕು ಬಣ್ಣದ ಪಿಡಿಎಫ್ ಕೊಡುತ್ತದೆ. ಕೈ ಹೊಂದಲು ತುಸು ಹೊತ್ತು ಹಿಡಿಯುತ್ತದೆ, ಅಷ್ಟೇ. ವಿನ್ಯಾಸಕ್ಕೆ ಬಳಸುವ ಕೋರೆಲ್ ಹಳೆಯದಿದ್ದರೆ ಮೇಲಿನ ಒಂಬತ್ತು ಪದ ಅಂಟಿಸಿ ನೋಡಿರಿ. ಒತ್ತು ಪಕ್ಕದಲ್ಲಿ ಬಿದ್ದರೆ ಆ ಆವೃತ್ತಿ ಕೆಲಸಕ್ಕೆ ಬಾರದು.

ಕೀಬೋರ್ಡ್ ಬಗ್ಗೆ ಹೆದರಿಕೆ ಬೇಡ. ನುಡಿಯ ವಿನ್ಯಾಸ ಕೆ.ಪಿ. ರಾವ್ ರೂಪಿಸಿದ ಕೀಬೋರ್ಡನ್ನು ಆಧರಿಸಿದ್ದು. ಈಗಿನ ನುಡಿಯಲ್ಲಿ ಅದೇ ಕೀಲಿಗಳಿಂದ ಯುನಿಕೋಡ್ ಬರುತ್ತದೆ. ನಿಮ್ಮ ಆಪರೇಟರ್‌ನ ಬೆರಳು ಹೊಸದಾಗಿ ಏನೂ ಕಲಿಯಬೇಕಿಲ್ಲ. ವಿಂಡೋಸ್ ಜೊತೆಗೇ ಬರುವ ಇನ್‌ಸ್ಕ್ರಿಪ್ಟ್ ಕೀಬೋರ್ಡ್ ಬೇರೆ, ಅದನ್ನು ನೋಡಿ ಗಾಬರಿಯಾಗಬೇಡಿ.

‘ಯುನಿಕೋಡ್ ಫಾಂಟ್ ಚಂದ ಇಲ್ಲ’ ಎಂಬ ವಾದ ವಿಂಡೋಸ್‌ನ ತುಂಗಾ ಫಾಂಟ್ ಒಂದೇ ಇದ್ದ ಕಾಲಕ್ಕೆ ಸರಿ. ಈಗ ನೋಟೋ ಸೆರಿಫ್, ನೋಟೋ ಸ್ಯಾನ್ಸ್, ಅನೇಕ್, ಬಲೂ ತಮ್ಮ, ತಿರೋ, ಬೆಣ್ಣೆ ಎಲ್ಲ ಪುಕ್ಕಟೆ ಸಿಗುತ್ತವೆ, ಅಚ್ಚಿಗೆ ಬಳಸಲೂ ಅನುಮತಿ ಇದೆ. ನಮ್ಮ ನೆರೆಯೂರ ಹೆಸರಿನದೇ ‘ಹುಬ್ಬಳ್ಳಿ’ ಎಂಬ ಫಾಂಟೂ ಇದೆ. ಆದರೂ ಒಪ್ಪಿಕೊಳ್ಳಲೇಬೇಕು: ಲಗ್ನಪತ್ರಿಕೆಗೆ ಬೇಕಾದ ಬಳ್ಳಿಬಳ್ಳಿಯ ಅಲಂಕಾರದ ಅಕ್ಷರಗಳು ಹಳೆಯ ಫಾಂಟ್‌ಗಳಲ್ಲೇ ಹೆಚ್ಚು. ವಧೂವರರ ಹೆಸರಿಗೆ ಅದೇ ಬೇಕೆಂದರೆ ಆ ಎರಡು ಸಾಲನ್ನಷ್ಟೇ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿ, ಕರ್ವ್ ಮಾಡಿ (ಅಕ್ಷರಗಳನ್ನು ಬರೀ ರೇಖೆಗಳ ಚಿತ್ರವಾಗಿಸಿ) ತಂದು ಕೂರಿಸಿರಿ. ಇದರಲ್ಲಿ ಮೈಲಿಗೆ ಏನಿಲ್ಲ.

ಅಳತೆ ಮಾತ್ರ ಮೊದಲಿನಂತೆ ಇರುವುದಿಲ್ಲ. ನುಡಿಯ 14 ಪಾಯಿಂಟ್ ಅಕ್ಷರದ ಜಾಗದಲ್ಲಿ ನೋಟೋದ 14 ಹಾಕಿದರೆ ದೊಡ್ಡದಾಗಿ ಕಾಣುತ್ತದೆ, ಸಾಲು ಮುರಿಯುವ ಜಾಗ ಬದಲಾಗುತ್ತದೆ. ಒಂದು ಸಾಲನ್ನು ಹಳೆಯ ಪ್ರಿಂಟಿನ ಪಕ್ಕ ಇಟ್ಟು ಅಳೆದು ಗಾತ್ರ ಇಳಿಸಿರಿ. ಸಾಲಿನ ಅಂತರವನ್ನು ಆಟೋಗೆ ಬಿಡದೆ ಅಕ್ಷರದ ಗಾತ್ರದ ಸುಮಾರು ಒಂದೂವರೆ ಪಟ್ಟು ಕೊಡಿರಿ. ಇನ್ನೂ ಬಿಗಿ ಮಾಡಿದರೆ ಮೇಲಿನ ಸಾಲಿನ ‘ಲಕ್ಷ್ಮೀ’ಯ ಕೆಳಗಿನ ಒತ್ತು ಕೆಳಸಾಲಿನ ಗುಡಿಸಿಗೆ ತಾಗುತ್ತದೆ. ದಪ್ಪ ಅಕ್ಷರಕ್ಕೆ ಫಾಂಟ್‌ನದೇ ಬೋಲ್ಡ್ ಬಳಸಿರಿ. ಸಾಫ್ಟ್‌ವೇರ್ ತಾನೇ ಉಬ್ಬಿಸಿದ ಬೋಲ್ಡ್‌ನಲ್ಲಿ ‘ಘ’, ‘ಫ’ಗಳ ಒಳಗಿನ ಸಂದು ಮಸಿಯಿಂದ ಮುಚ್ಚಿಕೊಳ್ಳುತ್ತದೆ, ಸಣ್ಣ ಆಫ್‌ಸೆಟ್‌ನಲ್ಲಂತೂ ಖಂಡಿತ.

ಮರಾಠಿ ಕೆಲಸಕ್ಕೆ ನುಡಿಯ ಕನ್ವರ್ಟರ್ ನಡೆಯುವುದಿಲ್ಲ. ಶ್ರೀಲಿಪಿಯ ಸಂಕೇತಪಟ್ಟಿಯೇ ಬೇರೆ, ಅದರೊಳಗೂ ಒಂದಕ್ಕಿಂತ ಹೆಚ್ಚು ಇವೆ. ಫೈಲ್‌ನಲ್ಲಿರುವ ಫಾಂಟ್‌ನ ಪೂರ್ತಿ ಹೆಸರು, ಸಂಖ್ಯೆ ಸಮೇತ, ಬರೆದುಕೊಂಡೇ ಕನ್ವರ್ಟರ್ ಆರಿಸಬೇಕು. ಯುನಿಕೋಡ್ ಮರಾಠಿಯಲ್ಲಿ ಎರಡು ಸಂಗತಿ ನೋಡಿಕೊಳ್ಳಿರಿ. ಲ ಮತ್ತು ಶ ಹಿಂದಿಯ ರೂಪದಲ್ಲಿ ಬಂದರೆ ಬೆಳಗಾವಿಯ ಮರಾಠಿ ಗಿರಾಕಿ ಕೂಡಲೆ ಗುರುತು ಹಿಡಿಯುತ್ತಾನೆ. ಫಾಂಟ್‌ನಲ್ಲಿ ಮರಾಠಿ ರೂಪ ಇದ್ದರೂ, ಪಠ್ಯದ ಭಾಷೆಯನ್ನು ಮರಾಠಿ ಎಂದು ಗುರುತಿಸಿದಾಗಲಷ್ಟೇ ಅದು ಬರುವುದುಂಟು. ಇನ್ನೊಂದು, ‘ದುಸರ‍್ಯಾ’ದಂಥ ಪದಗಳ ರೆಪ್ಪೆಯಂತಿರುವ ಅರ್ಧ ರ. ಅದಕ್ಕೆ ಸಾದಾ ರ ಅಲ್ಲ, ಅಡಿಯಲ್ಲಿ ಚುಕ್ಕಿ ಇರುವ ರ ಮತ್ತು ವಿರಾಮ ಬೇಕು. ಸಾದಾ ರ ಹಾಕಿದರೆ ಮುಂದಿನ ಅಕ್ಷರದ ತಲೆಯ ಮೇಲೆ ಕೊಕ್ಕೆಯಾಗಿ ಏರುತ್ತದೆ.

ಇವತ್ತು ಸಂಜೆಯೊಳಗೆ ಕೊಡಬೇಕಾದ ಕೆಲಸ ಇದೆ, ಪೇಜ್‌ಮೇಕರ್ ಬಿಟ್ಟು ಬೇರೆ ಗತಿ ಇಲ್ಲ ಅಂದರೆ ತಿರುಗಾ ದಾರಿಯೂ ಇದೆ: ವಾಟ್ಸಾಪ್ ಮ್ಯಾಟರ್‌ನ್ನು ಯುನಿಕೋಡ್‌ನಿಂದ ನುಡಿಗೆ ಪರಿವರ್ತಿಸಿ ಅಂಟಿಸುವುದು. ಮೊದಲು ಇಮೋಜಿಗಳನ್ನೂ, ವಾಟ್ಸಾಪ್‌ನ ದಪ್ಪಕ್ಷರದ ನಕ್ಷತ್ರ ಗುರುತುಗಳನ್ನೂ ಅಳಿಸಿರಿ. ಇಂಗ್ಲಿಷ್ ಪದಗಳಿಗೆ ಬೇರೆ ಫಾಂಟ್ ಕೊಡುವುದು ಮರೆತರೆ ಅವು ಕನ್ನಡದ ತುಂಡುಗಳಾಗಿ ಅಚ್ಚಾಗುತ್ತವೆ. ದಿನಾ ಹೀಗೆ ಮಾಡುವುದು ಬೇಡ, ಪ್ರತಿ ಸಲವೂ ಪ್ರೂಫ್ ಹೊಸದಾಗಿ ನೋಡಬೇಕಾಗುತ್ತದೆ.

ಪಿಡಿಎಫ್ ಇಟ್ಟುಕೊಂಡರೆ ಸಾಕೆಂದು ಮೂಲ ಫೈಲ್ ಅಳಿಸಬೇಡಿ. ಯುನಿಕೋಡ್ ಕನ್ನಡದ ಪಿಡಿಎಫ್‌ನಿಂದ ಪಠ್ಯ ಕಾಪಿ ಮಾಡಿದರೆ ಒತ್ತು, ಸ್ವರ ಹಿಂದುಮುಂದಾಗಿ ಬರುವುದೇ ಹೆಚ್ಚು. ತಮಾಷೆ ಏನಂದರೆ ಹಳೆಯ ನುಡಿಯ ಪಿಡಿಎಫ್‌ನಿಂದ ಸಿಗುವ ಇಂಗ್ಲಿಷ್ ಕಲಸುಮೇಲೋಗರವೇ ಕನ್ವರ್ಟರ್‌ಗೆ ಹಾಕಿದರೆ ಎಷ್ಟೋ ಸಲ ಚೊಕ್ಕವಾಗಿ ಕನ್ನಡವಾಗುತ್ತದೆ. ಕರ್ವ್ ಮಾಡಿದ ಪ್ರತಿ ಪ್ರೆಸ್ಸಿಗೆ, ಕರ್ವ್ ಮಾಡದ್ದು ನಿಮ್ಮ ಹತ್ತಿರ.

ಹಳೆಯ ಕಂಪ್ಯೂಟರ್‌ನ್ನು ಗುಜರಿಗೆ ಹಾಕುವ ಮೊದಲು ಅದರ ಫಾಂಟ್ಸ್ ಫೋಲ್ಡರ್‌ನಿಂದ ನುಡಿ, ಶ್ರೀಲಿಪಿಯ ಎಲ್ಲ ಫಾಂಟ್‌ಗಳನ್ನೂ ಎರಡು ಪೆನ್‌ಡ್ರೈವ್‌ಗೆ ಕಾಪಿ ಮಾಡಿರಿ. ಶ್ರೀಲಿಪಿಗೆ ಡಾಂಗಲ್ (ಸಾಫ್ಟ್‌ವೇರ್ ನಡೆಯಲು ಕಂಪ್ಯೂಟರ್‌ಗೆ ಸಿಕ್ಕಿಸುವ ಕೀಲಿ) ಇದ್ದರೆ ಅದನ್ನೂ ತೆಗೆದಿಡಿ. ಇಂಟರ್‌ನೆಟ್ ತಂತಿ ಕಿತ್ತು ಆ ಯಂತ್ರವನ್ನೇ ಮೂಲೆಯಲ್ಲಿ ಉಳಿಸಿಕೊಂಡರೆ ಇನ್ನೂ ಒಳ್ಳೆಯದು, ‘ಹೋದ ವರ್ಷದ ಪಾವತಿ ಪುಸ್ತಕವೇ ಬೇಕು, ಇಸವಿ ಮಾತ್ರ ಬದಲಿಸಿರಿ’ ಎಂದು ಮಂಡಳದವರು ಬಂದಾಗ ಅದರಲ್ಲೇ ಐದು ನಿಮಿಷದ ಕೆಲಸ.