ಎಮಿಲಿ ಟೋತ್ ಕುರಿತ ನಿಮ್ಮ ಲೇಖನ: ಸಂಪಾದಕರ ಉತ್ತರ

ಮಾನ್ಯ ಲೇಖಕರೇ,

ಅಮೆರಿಕದ ಸ್ತ್ರೀವಾದಿ ಸಾಹಿತ್ಯ ವಿದ್ವಾಂಸೆ ಎಮಿಲಿ ಟೋತ್ ಅವರನ್ನು ಕುರಿತು ನೀವು ಕಳುಹಿಸಿದ ಲೇಖನವನ್ನು ಪೂರ್ತಿ ಓದಿದೆ. ಈಗಿನ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ವಿಷಯದ ಆಯ್ಕೆಯಲ್ಲಿ ದೋಷವಿಲ್ಲ. ಅವರ ವೃತ್ತಿಜೀವನವನ್ನು ನೀವು ಎರಡು ಹೋಳು ಮಾಡಿದ್ದೀರಿ ಎಂಬುದೇ ನನ್ನ ಆಕ್ಷೇಪ. ಹತ್ತೊಂಬತ್ತನೆಯ ಶತಮಾನದ ಅಮೆರಿಕನ್ ಲೇಖಕಿ ಕೇಟ್ ಶೋಪ್ಯಾನ್ ಅವರ ಜೀವನಚರಿತ್ರೆ ಬರೆದ ಸಂಶೋಧಕಿಗೆ ಬಹುಪಾಲು ಪುಟಗಳನ್ನು ಕೊಟ್ಟು, ‘ಮಿಜ್ ಮೆಂಟರ್’ ಎಂಬ ಹೆಸರಿನಲ್ಲಿ ಅವರು ಬರೆದ ಸಲಹಾ ಅಂಕಣವನ್ನು ‘ಬಿಡುವಿನ ವೇಳೆಯ ಹವ್ಯಾಸ’ ಎಂದು ಕೊನೆಯ ಪ್ಯಾರಾದಲ್ಲಿ ಮುಗಿಸಿಬಿಟ್ಟಿದ್ದೀರಿ.

ಅವರ ಪುಸ್ತಕಗಳನ್ನು ಕಾಲಕ್ರಮದಲ್ಲಿ ಜೋಡಿಸಿ ನೋಡಿ. 1976ರಲ್ಲಿ ಇಬ್ಬರು ಸಹಲೇಖಕಿಯರೊಂದಿಗೆ ಬರೆದ ಮುಟ್ಟಿನ ಸಾಂಸ್ಕೃತಿಕ ಚರಿತ್ರೆ ‘ದಿ ಕರ್ಸ್’, 1981ರಲ್ಲಿ ‘ಪೇಟನ್ ಪ್ಲೇಸ್’ ಕಾದಂಬರಿಯ ಗ್ರೇಸ್ ಮೆಟಾಲಿಯಸ್ ಅವರ ಜೀವನಚರಿತ್ರೆ, 1990ರಲ್ಲಿ ಶೋಪ್ಯಾನ್ ಅವರ ಜೀವನಚರಿತ್ರೆ, 1997ರಲ್ಲಿ ಮಿಜ್ ಮೆಂಟರ್ ಹೆಸರಿನ ಮೊದಲ ಸಲಹಾ ಪುಸ್ತಕ. ನಾಲ್ವರ ಮುಂದೆ ಆಡಬಾರದೆಂದು ಮುಚ್ಚಿಟ್ಟ ವಿಷಯ, ಜನಪ್ರಿಯಳೆಂಬ ಕಾರಣಕ್ಕೇ ಪಂಡಿತರು ಹಗುರವಾಗಿ ಕಂಡ ಕಾದಂಬರಿಗಾರ್ತಿ, ದಶಕಗಳ ಕಾಲ ಮರೆವಿಗೆ ಸಂದ ಲೇಖಕಿ, ಕೊನೆಗೆ ಮೇಲಿನವರ ಕಿವಿಗೆ ಬೀಳದಂತೆ ಅಧ್ಯಾಪಕಿಯರು ತಮ್ಮತಮ್ಮಲ್ಲೇ ಹೇಳಿಕೊಳ್ಳುತ್ತಿದ್ದ ಕಷ್ಟಗಳು: ಇವೆಲ್ಲವನ್ನೂ ಅಧ್ಯಯನಕ್ಕೆ ಯೋಗ್ಯವೆಂದು ಎತ್ತಿಕೊಂಡದ್ದು ಒಂದೇ ದೃಷ್ಟಿ. ನಿಮ್ಮ ಲೇಖನದಲ್ಲಿ ಈ ಎಳೆ ಎಲ್ಲಿಯೂ ಕಾಣಿಸುವುದಿಲ್ಲ. ಅದರ ಬದಲು ‘ಮೇರು ಪ್ರತಿಭೆ’, ‘ದಿಟ್ಟ ದನಿ’ ಮುಂತಾದ ವಿಶೇಷಣಗಳಿವೆ. ಅವನ್ನು ಯಾರ ಮೇಲೆ ಬರೆದ ಲೇಖನಕ್ಕಾದರೂ ಅಂಟಿಸಬಹುದು.

ಒಂದು ತಿದ್ದುಪಡಿ ಅನಿವಾರ್ಯ. 1899ರಲ್ಲಿ ಹೊರಬಂದ ಶೋಪ್ಯಾನ್ ಅವರ ‘ದಿ ಅವೇಕನಿಂಗ್’ ಕಾದಂಬರಿಯನ್ನು ನಿಷೇಧಿಸಲಾಯಿತು ಎಂದು ಬರೆದಿದ್ದೀರಿ. ಬಹುಕಾಲ ಬಾಯಿಂದ ಬಾಯಿಗೆ ಹರಿದ ಈ ಕಥೆಯನ್ನು ಸ್ವತಃ ಟೋತ್ ಅವರೇ ಅಲ್ಲಗಳೆದಿದ್ದಾರೆ. ಕಟು ವಿಮರ್ಶೆಗಳು ಬಂದದ್ದು ನಿಜ, ಮರುವರ್ಷ ಪ್ರಕಾಶಕರು ಶೋಪ್ಯಾನ್ ಅವರ ಮುಂದಿನ ಕಥಾಸಂಕಲನವನ್ನು ಕೈಬಿಟ್ಟದ್ದೂ ನಿಜ. ಯಾರ ಕುರಿತು ಬರೆಯುತ್ತಿದ್ದೀರೋ ಅವರ ಪುಸ್ತಕವನ್ನೇ ನೀವು ಓದದೆ ಬಿಟ್ಟಂತೆ ಕಾಣುತ್ತದೆ, ಕ್ಷಮಿಸಿ.

ಇನ್ನು ಅಂಕಣದ ಮಾತು. ಲೂಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕಿಯಾಗಿದ್ದ ಟೋತ್ ಉನ್ನತ ಶಿಕ್ಷಣದ ಪತ್ರಿಕೆಯಾದ ‘ದಿ ಕ್ರಾನಿಕಲ್ ಆಫ್ ಹೈಯರ್ ಎಜುಕೇಶನ್’ನಲ್ಲಿ ದಂತಗೋಪುರವಾಸಿನಿಯೊಬ್ಬಳ ವೇಷ ತೊಟ್ಟು, ತನ್ನನ್ನೇ ‘ಅವಳು’ ಎಂದು ಕರೆದುಕೊಳ್ಳುತ್ತ, ಸರ್ವಜ್ಞೆಯ ಠೀವಿಯಿಂದ ಉತ್ತರಿಸುತ್ತಿದ್ದರು. ಆ ಹಾಸ್ಯದ ಹಿಂದೆ ಕೆಲಸ ಕಳೆದುಕೊಳ್ಳುವ ಭಯದಲ್ಲಿರುವವರ ಪತ್ರಗಳಿವೆ. ಕಾಯಂ ಆಗುವವರೆಗೆ ಎಚ್ಚರದಿಂದಿರಿ, ವ್ಯವಸ್ಥೆಯನ್ನು ಎದುರಿಸುವ ಬಲ ಆಮೇಲೆ ಬರುತ್ತದೆ ಎಂಬ ಧಾಟಿಯ ಸಲಹೆಯನ್ನು ಸ್ತ್ರೀವಾದಿಯೊಬ್ಬರು ಕೊಡಬಹುದೇ? ಬಾಯಿಮುಚ್ಚಿಕೊಂಡಿರಿ ಎಂದು ಹೆಂಗಸರಿಗೆ ಹೇಳುವ ಹಳೆಯ ಬುದ್ಧಿವಾದಕ್ಕೂ ಇದಕ್ಕೂ ಏನು ವ್ಯತ್ಯಾಸ? ವ್ಯತ್ಯಾಸವಿದೆ ಎಂದೇ ನನ್ನ ಎಣಿಕೆ, ಏಕೆಂದರೆ ಹೊರಗೆ ಹಾಕಲ್ಪಟ್ಟವಳು ಒಳಗಿನ ನಿಯಮವನ್ನು ತಿದ್ದಲಾರಳು. ಆದರೂ ಓದುಗರು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ನಿಮ್ಮ ಲೇಖನದ ಜೀವ ಅಲ್ಲಿರಬೇಕಿತ್ತು.

ಆದ್ದರಿಂದ ಅಂಕಣದಿಂದಲೇ ಆರಂಭಿಸಿ. ಒಂದು ಪತ್ರ ಮತ್ತು ಅದರ ಉತ್ತರದ ಸಾರವನ್ನು ನಿಮ್ಮ ಮಾತಿನಲ್ಲಿ ಕೊಟ್ಟು, ಅಲ್ಲಿಂದ ಶೋಪ್ಯಾನ್ ಕಡೆಗೆ ಹೋಗಿ. ಬಾಲ್ಯ ಮತ್ತು ಪದವಿಗಳ ಪಟ್ಟಿಯನ್ನು ಒಂದು ವಾಕ್ಯಕ್ಕೆ ಇಳಿಸಿ. ಹಾಗೆ ತಿದ್ದಿದ ಪ್ರತಿ ಬಂದರೆ ಖಂಡಿತ ಓದುತ್ತೇನೆ.

ವಂದನೆಗಳೊಂದಿಗೆ,
ಸಂಪಾದಕ