ಶಾಲಾ ಸಂಖ್ಯೆ: ಯಾವ ಅರ್ಜಿಗೆ ಯಾವುದು?

ಪ್ರಶ್ನೆ: ನನ್ನ ಮಗಳು ಹತ್ತನೆಯ ತರಗತಿಯನ್ನು ಗೋಣಿಕೊಪ್ಪದ ಸಿಬಿಎಸ್‌ಇ ಶಾಲೆಯಲ್ಲಿ ಮುಗಿಸಿ, ಈಗ ವಿರಾಜಪೇಟೆಯಲ್ಲಿ ದ್ವಿತೀಯ ಪಿಯುಸಿ ಓದುತ್ತಿದ್ದಾಳೆ. ಸಿಇಟಿಯ ಜೊತೆಗೆ ಅಮೆರಿಕದ ಕಾಲೇಜುಗಳಿಗೂ ಅರ್ಜಿ ಹಾಕುತ್ತಿದ್ದು, ಅಲ್ಲಿ ಶಾಲೆಯ ಸಿಇಇಬಿ ಕೋಡ್ ಕೇಳಿದ್ದಾರೆ. ಕಾಲೇಜಿನ ಕಚೇರಿಯವರು ಕೊಟ್ಟ ಯುಡೈಸ್ ಸಂಖ್ಯೆಯನ್ನು ಅರ್ಜಿ ಸ್ವೀಕರಿಸುತ್ತಿಲ್ಲ. ಏನು ಮಾಡಬೇಕು?
– ಓದುಗರೊಬ್ಬರು, ವಿರಾಜಪೇಟೆ

ಉತ್ತರ: ಸ್ವೀಕರಿಸದಿರುವುದು ಸಹಜ, ಏಕೆಂದರೆ ಅವೆರಡಕ್ಕೂ ಪರಸ್ಪರ ಸಂಬಂಧವಿಲ್ಲ. ಯುಡೈಸ್ ಎಂಬುದು ಕೇಂದ್ರ ಶಿಕ್ಷಣ ಸಚಿವಾಲಯದ ದಾಖಲೆಯ ಸಂಖ್ಯೆ. ಅದರ 11 ಅಂಕಿಗಳಲ್ಲಿ ಮೊದಲ ಎರಡು ರಾಜ್ಯವನ್ನು (ಕರ್ನಾಟಕಕ್ಕೆ 29), ಮುಂದಿನ ಎರಡು ಜಿಲ್ಲೆಯನ್ನು, ಆಮೇಲಿನ ಎರಡು ಬ್ಲಾಕನ್ನು, ನಂತರದ ಮೂರು ಗ್ರಾಮ ಅಥವಾ ವಾರ್ಡನ್ನು, ಕೊನೆಯ ಎರಡು ಶಾಲೆಯನ್ನು ಸೂಚಿಸುತ್ತವೆ. ಹೀಗಾಗಿ ಮಡಿಕೇರಿಯದಾಗಲಿ ಸೋಮವಾರಪೇಟೆಯದಾಗಲಿ, ಕೊಡಗಿನ ಶಾಲೆಗಳ ಮೊದಲ ನಾಲ್ಕು ಅಂಕಿ ಒಂದೇ ಆಗಿರುತ್ತವೆ. ಬರೆದುಕೊಂಡ ಸಂಖ್ಯೆಯ ಆ ನಾಲ್ಕರಲ್ಲಿ ಅಂಕಿ ಅದಲುಬದಲಾಗಿದ್ದರೆ ಅಲ್ಲಿಯೇ ಸಿಕ್ಕಿಬೀಳುತ್ತದೆ.

ಸಿಇಇಬಿ ಕೋಡ್ ಆರು ಅಂಕಿಗಳದು. ಎಸ್‌ಎಟಿ ಎಂಬ ಕಾಲೇಜು ಪ್ರವೇಶ ಪರೀಕ್ಷೆ ನಡೆಸುವ, 1900ರಲ್ಲಿ ಆರಂಭವಾದ ಅಮೆರಿಕದ ಕಾಲೇಜ್ ಬೋರ್ಡ್ ಅದನ್ನು ಕೊಡುತ್ತದೆ. ನಮ್ಮ ಎಲ್ಲ ಶಾಲೆಗಳಿಗೂ ಅದು ಇರುವುದಿಲ್ಲ. ಬೋರ್ಡಿನ ಜಾಲತಾಣದಲ್ಲಿ ದೇಶ, ಊರು ನಮೂದಿಸಿ ಹುಡುಕಿ ನೋಡಿ. ಸಿಗದಿದ್ದರೆ, ಅಮೆರಿಕದ ಹಲವು ಕಾಲೇಜುಗಳಿಗೆ ಒಟ್ಟಿಗೆ ಅರ್ಜಿ ಹಾಕುವ ತಾಣವಾದ ಕಾಮನ್ ಆ್ಯಪ್‌ನಲ್ಲಿ ‘ನನ್ನ ಶಾಲೆ ಪಟ್ಟಿಯಲ್ಲಿಲ್ಲ’ ಎಂಬ ಆಯ್ಕೆಯನ್ನು ಒತ್ತಿ, ಹೆಸರು ಮತ್ತು ವಿಳಾಸವನ್ನು ನೀವೇ ಬರೆಯಬಹುದು. ಪರಿಚಯದವರ ಮಾತು ಕೇಳಿ ಮೈಸೂರಿನ ಇನ್ನಾವುದೋ ಶಾಲೆಯ ಕೋಡನ್ನು ಮಾತ್ರ ಹಾಕಬೇಡಿ. ಅಂಕಪಟ್ಟಿ, ಶಿಫಾರಸು ಪತ್ರಗಳು ಒಂದು ಶಾಲೆಯಿಂದ ಬಂದು, ಅರ್ಜಿಯಲ್ಲಿ ಮತ್ತೊಂದು ಶಾಲೆಯ ಗುರುತಿದ್ದರೆ ಅನಗತ್ಯ ಗೊಂದಲವಾಗುತ್ತದೆ. ಎಸ್‌ಎಟಿ ಅಂಕ ಕಳುಹಿಸುವಾಗ ಕಾಣುವ ನಾಲ್ಕು ಅಂಕಿಯ ಕೋಡ್, ನೀವು ಸೇರಬಯಸುವ ಕಾಲೇಜಿನದು. ಅದನ್ನು ಇಲ್ಲಿ ತುಂಬಬಾರದು.

ಅಮೆರಿಕದವರ ಲೆಕ್ಕದಲ್ಲಿ ಹೈಸ್ಕೂಲು ಎಂದರೆ 9ರಿಂದ 12ನೆಯ ತರಗತಿ. ಆದ್ದರಿಂದ ಈಗಿನ ಶಾಲೆ ಎಂಬಲ್ಲಿ ಪಿಯು ಕಾಲೇಜನ್ನೂ, ಹಿಂದಿನ ಶಾಲೆಗಳ ಅಂಕಣದಲ್ಲಿ ಗೋಣಿಕೊಪ್ಪದ ಶಾಲೆಯನ್ನೂ ನಮೂದಿಸಿ. ಸಿಬಿಎಸ್‌ಇ ಶಾಲೆಗೆ ಮಂಡಳಿಯ ಸಂಯೋಜನೆ ಸಂಖ್ಯೆ ಬೇರೆ, ಐದು ಅಂಕಿಯ ಶಾಲಾ ಕೋಡ್ ಬೇರೆ. ಅವುಗಳಲ್ಲಿ ಯಾವುದೂ ಸಿಇಇಬಿ ಅಲ್ಲ.

ಸಿಇಟಿ ಅರ್ಜಿಯಲ್ಲಿ ಬರುವ ಸ್ಯಾಟ್ಸ್ (ರಾಜ್ಯದ ವಿದ್ಯಾರ್ಥಿ ದಾಖಲೆ ವ್ಯವಸ್ಥೆ) ಸಂಖ್ಯೆಯಂತೂ ಶಾಲೆಯದೇ ಅಲ್ಲ, ವಿದ್ಯಾರ್ಥಿಯದು. ಶಾಲೆ ಬದಲಾದರೂ ಅದು ಮಗುವಿನ ಜೊತೆಗೇ ಸಾಗುತ್ತದೆ. ಮಗಳ ಸಂಖ್ಯೆ ತಿಳಿಯದಿದ್ದರೆ ಕಾಲೇಜಿನ ಕಚೇರಿಯಲ್ಲಿ ಕೇಳಿ ಪಡೆಯಿರಿ. ಹೋದಾಗ ಪ್ರಾಂಶುಪಾಲರ ಅಧಿಕೃತ ಇಮೇಲ್ ವಿಳಾಸವನ್ನೂ ಬರೆದುಕೊಳ್ಳಿ, ಅಮೆರಿಕದ ಅರ್ಜಿಯಲ್ಲಿ ಕೌನ್ಸೆಲರ್ (ಶಾಲೆಯ ಪರವಾಗಿ ದಾಖಲೆ ಕಳುಹಿಸುವವರು) ಎಂಬ ಜಾಗದಲ್ಲಿ ಅದು ಬೇಕಾಗುತ್ತದೆ.