ಅತ್ತ ಗೆಳತಿಯರು, ಇತ್ತ ನೆಂಟರು

ಪತ್ರದ ಸಾರಾಂಶ: ನನಗೆ 15 ವರ್ಷ. ಹಿಜಾಬ್ ಧರಿಸುತ್ತೇನೆ, ಶಾಲೆಯ ಬಾಸ್ಕೆಟ್‌ಬಾಲ್ ತಂಡದಲ್ಲೂ ಇದ್ದೇನೆ. ಗೆಳತಿಯರ ಕಣ್ಣಿಗೆ ನಾನು ಹಳೇ ಕಾಲದವಳು, ನೆಂಟರ ಕಣ್ಣಿಗೆ ತೀರಾ ಮಾಡರ್ನ್. ಮಧ್ಯಾಹ್ನದ ನಮಾಝ್ ತಪ್ಪುತ್ತಿದೆ. ರಮಝಾನಿನಲ್ಲಿ ಮುಟ್ಟಾದಾಗಲೂ ಉಪವಾಸ ಇರುವಂತೆ ನಟಿಸಿ ಸಾಕಾಗಿದೆ. ಏನು ಮಾಡಲಿ?

ಸಂಪಾದಕರ ಉತ್ತರ:

ಪ್ರಿಯ ತಂಗಿ,

ಮೊದಲು ಆ ನಟನೆಯನ್ನು ಬಿಡು. ಮುಟ್ಟಿನ ದಿನಗಳಲ್ಲಿ ಉಪವಾಸವೂ ಇಲ್ಲ, ನಮಾಝೂ ಇಲ್ಲ; ಧರ್ಮದ ನಿಯಮವೇ ಹಾಗಿದೆ. ಆ ನಮಾಝ್‌ಗಳನ್ನು ಮತ್ತೆ ತೀರಿಸಬೇಕಿಲ್ಲ. ಉಪವಾಸಗಳನ್ನು ಮಾತ್ರ ಮುಂದಿನ ರಮಝಾನ್ ಬರುವುದರೊಳಗೆ ಕಝಾ ಮಾಡಬೇಕು, ಅಂದರೆ ಬೇರೆ ದಿನ ಇಟ್ಟು ತೀರಿಸಬೇಕು. ಬಿಟ್ಟ ದಿನವನ್ನು ಅಂದೇ ಬರೆದಿಡು. ಹೆಚ್ಚಿನವರು ಎಡವುವುದು ಇಲ್ಲೇ: ಐದೋ ಆರೋ ಎಂದು ಮರೆತು, ಕೊನೆಗೆ ಪರೀಕ್ಷೆಯ ವಾರದಲ್ಲಿ ಒಟ್ಟಿಗೆ ತೀರಿಸಲು ಕೂರುತ್ತಾರೆ. ಹಗಲು ಚಿಕ್ಕದಾಗಿರುವ ತಿಂಗಳುಗಳಲ್ಲಿ ವಾರಕ್ಕೊಂದರಂತೆ ಇಟ್ಟುಕೊಂಡರೆ ಸಲೀಸು. ಅಪ್ಪ, ಅಣ್ಣಂದಿರ ಎದುರು ತಿನ್ನಲು ಮುಜುಗರವಾದರೆ ಅಮ್ಮನ ಬಳಿ ಹೇಳಿ ಬೇರೆ ಕೋಣೆಯಲ್ಲಿ ಊಟ ಮಾಡು. ನೀರೂ ಇಲ್ಲದೆ ಅಭ್ಯಾಸಕ್ಕೆ ಮಾತ್ರ ಹೋಗಬೇಡ. ಯಾರಾದರೂ ಕೇಳಿದರೆ "ಇವತ್ತು ನನಗೆ ವಿನಾಯಿತಿ" ಎಂದರೆ ಮುಗಿಯಿತು. ಅದರ ಮೇಲೂ ಕೆದಕುವವರಿಗೆ ಉತ್ತರ ಕೊಡುವ ಹಂಗು ನಿನಗಿಲ್ಲ.

ಉಪವಾಸವಿದ್ದ ದಿನ ಕಠಿಣ ಅಭ್ಯಾಸವನ್ನು ಇಫ್ತಾರ್ ಆಗಿ ಒಂದೆರಡು ಗಂಟೆಯ ನಂತರಕ್ಕೆ ಹಾಕಿಕೊಡಲು ಕೋಚ್ ಹತ್ತಿರ ಕೇಳು. ಆಗದಿದ್ದರೆ ಇಫ್ತಾರಿಗೆ ತುಸು ಮುಂಚೆ ಬರೀ ಶೂಟಿಂಗ್ ಅಭ್ಯಾಸ ಸಾಕು, ಓಟ ಬೇಡ.

ಮಧ್ಯಾಹ್ನದ ನಮಾಝ್ ಆದ ಝುಹರ್‌ನ ನಾಲ್ಕು ರಕಅತ್ (ಸುತ್ತು) ಫರ್ಝ್‌ಗೆ, ಅಂದರೆ ಕಡ್ಡಾಯ ಭಾಗಕ್ಕೆ, ಐದಾರು ನಿಮಿಷ ಸಾಕು. ಹೊತ್ತು ತಿನ್ನುವುದು ವುಝೂ, ಅಂದರೆ ನಮಾಝ್‌ಗೆ ಮುಂಚೆ ಮುಖ, ಕೈಕಾಲು ತೊಳೆಯುವುದು: ನಲ್ಲಿಯ ಮುಂದೆ ಸಾಲು, ಒದ್ದೆ ಕಾಲು, ನೋಡುವ ಕಣ್ಣುಗಳು. ಊಟದ ಗಂಟೆ ಬಾರಿಸಿದ ಕೂಡಲೇ ಮೊದಲು ವುಝೂ ಮುಗಿಸು, ಊಟ ಆಮೇಲೆ. ಬ್ಯಾಗಿನಲ್ಲಿ ಚಿಕ್ಕ ಟವೆಲ್, ಚಪ್ಪಲಿ ಇರಲಿ. ಖಾಲಿ ಕೋಣೆಯನ್ನು ಶಾಲಾ ವರ್ಷದ ಆರಂಭದಲ್ಲೇ ಕೇಳು. ವೇಳಾಪಟ್ಟಿ ಗಟ್ಟಿಯಾದ ಮೇಲೆ ಒಪ್ಪುವವರು ಕಡಿಮೆ.

ಆಟಕ್ಕೆ ಪಿನ್ನಿನ ಹಿಜಾಬ್ ಬೇಡವೇ ಬೇಡ, ಚುಚ್ಚುತ್ತದೆ. ತಲೆಯ ಮೇಲಿಂದ ಎಳೆದು ಹಾಕುವ, ಹಿಗ್ಗುವ ಬಟ್ಟೆಯ ಒಂದೇ ತುಂಡಿನದು ತಗೋ. ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಒಕ್ಕೂಟ 2017ರಲ್ಲೇ ತಲೆವಸ್ತ್ರಕ್ಕೆ ಒಪ್ಪಿಗೆ ಕೊಟ್ಟಿದೆ: ಮುಖ ಮುಚ್ಚಬಾರದು, ಕತ್ತಿನ ಬಳಿ ಪಿನ್ನು, ಗುಂಡಿ ಇರಬಾರದು, ಬಣ್ಣ ಕಪ್ಪು, ಬಿಳಿ ಇಲ್ಲವೇ ಜರ್ಸಿಯದು. ಎಲ್ಲ ರೆಫರಿಗಳಿಗೂ ಇದು ಗೊತ್ತಿರುತ್ತದೆ ಎಂದುಕೊಳ್ಳಬೇಡ. ನಿಯಮದ ಪ್ರತಿಯನ್ನು ಕೋಚ್ ಪಂದ್ಯದ ಹಿಂದಿನ ದಿನವೇ ತೋರಿಸಿರಲಿ.

ನೆಂಟರ ಮಾತನ್ನು ಅಮ್ಮ ಅಪ್ಪನಿಗೆ ಬಿಡು, ಅದು ಅವರು ನಿಭಾಯಿಸಬೇಕಾದ್ದು. ಗೆಳತಿಯರಲ್ಲಿ ಒಬ್ಬಳಿಗಾದರೂ ಎಲ್ಲ ಬಿಡಿಸಿ ಹೇಳು. ಗುಂಪಿನ ಫೋಟೋ ಹಾಕುವ ಮುಂಚೆ ನಿನ್ನನ್ನು ಕೇಳುವ ಹೊಣೆ ಅವಳಿಗೇ ಇರಲಿ.